ಆವಿಗೆ ಆಕಾಶದವರೆಗೆ ದಾರಿ

(ಕಾರ್ಕಳ ಕಡೆಯ ಒಂದು ಕುಚ್ಚಲಕ್ಕಿ ಮಿಲ್ಲಿಗೆ ಹೊಸ ಬಾಯ್ಲರ್ ಬರಲಿದೆ: ಉಮಿಯಲ್ಲಿ ಉರಿಯುವ, ಗಂಟೆಗೆ 3 ಟನ್ ಹಬೆ ಕೊಡುವ ಬಾಯ್ಲರ್. ನಕ್ಷೆ ಮುಂದಿಟ್ಟುಕೊಂಡು ಮಿಲ್ಲಿನ ಮಾಲೀಕರು ಮತ್ತು ಬಾಯ್ಲರ್ ಎಂಜಿನಿಯರ್ ಮಾತಾಡುತ್ತಿದ್ದಾರೆ.)

ಮಾಲೀಕರು: ಸರ್, ನೀವು ಕೊಟ್ಟ ಪಟ್ಟಿಯಲ್ಲಿ ಒಂದು ವಿಷಯ ನನಗೆ ಹಿಡಿಸಲಿಲ್ಲ. ಸೇಫ್ಟಿ ವಾಲ್ವಿನಿಂದ ಹೊರಗೆ ಹೋಗುವ ಪೈಪು 4 ಇಂಚಿನದು ಅಂತ ಬರೆದಿದ್ದೀರಿ. ಆ ಪೈಪಿನಲ್ಲಿ ಹಬೆ ಹೋಗುವುದು ವರ್ಷಕ್ಕೆ ಒಂದೋ ಎರಡೋ ಸಲ. ಹಳೇ ಮಿಲ್ಲಿನಿಂದ ಬಿಚ್ಚಿದ 2 ಇಂಚಿನ ಪೈಪು ಬೇಕಾದಷ್ಟು ಬಿದ್ದುಕೊಂಡಿದೆ. ಅದನ್ನೇ ಹಾಕಿದರೆ ಆಗುವುದಿಲ್ಲವೆ?

ಎಂಜಿನಿಯರ್: ಆಗುವುದಿಲ್ಲ ಮಾರಾಯ್ರೆ. ಯಾಕೆ ಅಂತ ಲೆಕ್ಕ ಹಾಕಿಯೇ ತೋರಿಸುತ್ತೇನೆ. ಮೊದಲು ಒಂದು ಪ್ರಶ್ನೆ: ನಿಮ್ಮ ಸೇಫ್ಟಿ ವಾಲ್ವ್ ಎಷ್ಟು ಹಬೆ ಹೊರಗೆ ಬಿಡಬೇಕು ಅಂತ ನಿಮ್ಮ ಅಂದಾಜು?

ಮಾಲೀಕರು: ಹೆಚ್ಚಾದಷ್ಟು. ನಾವು ಭತ್ತಕ್ಕೆ ಹಬೆ ಕೊಡುತ್ತಾ ಇರುತ್ತೇವಲ್ಲ. ಅದರಲ್ಲಿ ಮಿಕ್ಕಿದ ಅರ್ಧ ಟನ್ನೋ ಒಂದು ಟನ್ನೋ ಹೊರಗೆ ಹೋದರೆ ಸಾಕು.

ಎಂಜಿನಿಯರ್: ಎಲ್ಲ ಸರಿಯಾಗಿ ನಡೆಯುವ ದಿನದ ಲೆಕ್ಕ ಅದು. ಸೇಫ್ಟಿ ವಾಲ್ವಿನ ಲೆಕ್ಕವನ್ನು ಅತಿ ಕೆಟ್ಟ ಗಳಿಗೆಗೆ ಹಾಕಬೇಕು. ನಿಮ್ಮಲ್ಲಿ ಭತ್ತ ಬೇಯುವುದು ಟ್ಯಾಂಕ್ ಟ್ಯಾಂಕಾಗಿ. ಒಂದು ಟ್ಯಾಂಕ್ ಮುಗಿದ ಕೂಡಲೇ ಹಬೆ ಎಳೆಯುವುದು ಥಟ್ಟನೆ ನಿಲ್ಲುತ್ತದೆ. ಮಳೆಗಾಲದಲ್ಲಿ ಕರೆಂಟು ಹೋಯಿತು, ಮಿಲ್ಲು ನಿಂತಿತು, ಯಾರೋ ಮೇನ್ ವಾಲ್ವ್ ಮುಚ್ಚಿದರು ಅಂತ ಇಟ್ಟುಕೊಳ್ಳಿ. ಎಣ್ಣೆಯ ಬಾಯ್ಲರ್ ಆದರೆ ಬರ್ನರ್ ಆರಿತು, ಕತೆ ಮುಗಿಯಿತು. ಉಮಿ ಹಾಗಲ್ಲ. ಒಲೆಯ ಮೇಲೆ ಬಿದ್ದದ್ದು ಉರಿದೇ ತೀರಬೇಕು. ಮೇನ್ ವಾಲ್ವ್ ಪೂರ್ತಿ ಮುಚ್ಚಿದೆ, ಬೆಂಕಿ ಪೂರ್ತಿ ಉಂಟು, ಹುಟ್ಟಿದ ಅಷ್ಟೂ ಹಬೆ ಸೇಫ್ಟಿ ವಾಲ್ವಿನಿಂದಲೇ ಹೋಗಬೇಕು. ಹಾಗಾಗಿ ಲೆಕ್ಕಕ್ಕೆ ಹಿಡಿಯುವುದು 3,000 ಕಿಲೋವನ್ನೇ, ಅರ್ಧ ಟನ್ನನ್ನಲ್ಲ.

ಮಾಲೀಕರು: ಒಪ್ಪಿದೆ. ಆದರೆ ಒಳಗೆ 10 ಬಾರ್ ಒತ್ತಡ ಇರುವಾಗ ಹಬೆ ಎಷ್ಟು ಸಣ್ಣ ತೂತಿನಿಂದಲೂ ನುಗ್ಗಿ ಹೋಗುತ್ತದಲ್ಲ? ಒತ್ತಡ ಅಷ್ಟಿದ್ದರೆ ದಾರಿ ತಾನಾಗಿ ಆಗುತ್ತದೆ.

ಎಂಜಿನಿಯರ್: ನೀರಿನ ವಿಷಯದಲ್ಲಿ ನಿಮ್ಮ ಮಾತು ಬಹುಮಟ್ಟಿಗೆ ಸರಿ. ಎರಡು ಕಡೆಯ ಒತ್ತಡದ ಅಂತರ ಹೆಚ್ಚಿದಂತೆ ನೀರಿನ ಹರಿವೂ ಹೆಚ್ಚುತ್ತಾ ಹೋಗುತ್ತದೆ. ಗಾಳಿಗೂ ಹಬೆಗೂ ಒಂದು ಮಿತಿ ಉಂಟು. ಕಿರಿದಾದ ಬಾಯಿಯ ಒಳಗಡೆ ಒತ್ತಡ, ಹೊರಗಿನ ಗಾಳಿಯದ್ದೂ ಸೇರಿ, 11 ಬಾರ್ ಅಂತ ಇಟ್ಟುಕೊಂಡು ಹೊರಗಿನ ಒತ್ತಡವನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಬನ್ನಿ. ಮೊದಮೊದಲು ಹರಿವು ಏರುತ್ತದೆ. ಹೊರಗಿನ ಒತ್ತಡ ಒಳಗಿನದರ 0.577 ಪಾಲಿಗೆ ಇಳಿದಾಗ ಬಾಯಿಯಲ್ಲಿ ಹಬೆಯ ವೇಗ ಅಲ್ಲಿನ ಶಬ್ದದ ವೇಗವನ್ನು ಮುಟ್ಟುತ್ತದೆ, ಸೆಕೆಂಡಿಗೆ 450 ಮೀಟರಿನ ಆಸುಪಾಸು. ಅಲ್ಲಿಂದ ಕೆಳಗೆ ಹೊರಗಿನ ಒತ್ತಡವನ್ನು ಸೊನ್ನೆಗೆ ಇಳಿಸಿದರೂ ಒಂದು ಕಿಲೋ ಹಬೆ ಹೆಚ್ಚಿಗೆ ಹೋಗುವುದಿಲ್ಲ. ಇದನ್ನೇ ನಾವು ಹರಿವು ಚೋಕ್ ಆಯಿತು ಅನ್ನುವುದು.

ಮಾಲೀಕರು: ಯಾಕೆ ಹಾಗೆ? ಹೊರಗೆ ಜಾಗ ಖಾಲಿ ಇದ್ದಷ್ಟೂ ಹೆಚ್ಚು ನುಗ್ಗಬೇಕಲ್ಲ?

ಎಂಜಿನಿಯರ್: ಇದೇ ಪ್ರಶ್ನೆ ದೊಡ್ಡ ದೊಡ್ಡವರನ್ನೂ ಕಾಡಿದೆ. 1839ರಲ್ಲಿ ಫ್ರಾನ್ಸಿನ ಸ್ಯಾಂ ವೆನಾಂ ಮತ್ತು ವಾಂಟ್ಸೆಲ್ ಇಂಥ ಮಿತಿ ಇದೆ ಅಂತ ಬರೆದರು. ಕಾರಣವನ್ನು ತಿಳಿಯಾಗಿ ಹೇಳಿದ್ದು ಮ್ಯಾಂಚೆಸ್ಟರಿನ ಆಸ್‌ಬೋರ್ನ್ ರೆನಾಲ್ಡ್ಸ್, 1886ರಲ್ಲಿ. ಹೊರಗೆ ಒತ್ತಡ ಇಳಿದಿದೆ ಎಂಬ ಸಂಗತಿ ಒಳಗಿನ ಹಬೆಗೆ ಮುಟ್ಟುವುದು ಒತ್ತಡದ ಅಲೆಯ ಮೂಲಕ. ಆ ಅಲೆ ಸಾಗುವುದು ಶಬ್ದದ ವೇಗದಲ್ಲಿ. ಬಾಯಿಯಲ್ಲಿ ಹಬೆಯೇ ಅಷ್ಟು ವೇಗದಲ್ಲಿ ಎದುರು ಬರುವಾಗ ಅಲೆ ಒಳಗೆ ದಾಟಲಾರದು. ಹೊರಗೆ ಏನಾಗಿದೆ ಅಂತ ಒಳಗಿನ ಹಬೆಗೆ ಗೊತ್ತೇ ಆಗುವುದಿಲ್ಲ.

ಮಾಲೀಕರು: ಮನೆಯ ಕುಕ್ಕರಿನಲ್ಲೂ ಹೀಗೇ ಆಗುತ್ತದೆಯೆ?

ಎಂಜಿನಿಯರ್: ಒಳ್ಳೆಯ ಉದಾಹರಣೆ ಕೇಳಿದಿರಿ. ಕುಕ್ಕರಿನ ಒಳಗೆ ಗೇಜ್ ಲೆಕ್ಕದಲ್ಲಿ ಸುಮಾರು 1 ಬಾರ್. ಹೊರಗಿನ ಗಾಳಿಯ ಒತ್ತಡ ಸೇರಿಸಿದರೆ 2. ಅದರ 0.577 ಪಾಲು 1.15. ಹೊರಗಿನ ಗಾಳಿಯ ಒತ್ತಡ 1.01. ಅಂದರೆ ಸೀಟಿ ಹೊಡೆಯುವ ಹೊತ್ತಿಗೆ ಕುಕ್ಕರಿನ ಹಬೆಯೂ ಈ ಮಿತಿಯ ಅಂಚಿಗೆ ಬಂದಿರುತ್ತದೆ. ಕುಕ್ಕರಿಗೂ ಸೇಫ್ಟಿ ವಾಲ್ವಿಗೂ ಹುಟ್ಟಿನಿಂದಲೇ ನಂಟು. ಮೂಳೆ ಮೆತ್ತಗಾಗುವ ಹಾಗೆ ಬೇಯಿಸುವ ಮುಚ್ಚಿದ ಪಾತ್ರೆಯನ್ನು ಡೆನಿಸ್ ಪಾಪಿನ್ ಲಂಡನ್ನಿನ ರಾಯಲ್ ಸೊಸೈಟಿಗೆ ತೋರಿಸಿದ್ದು 1679ರಲ್ಲಿ. ಅದು ಸಿಡಿಯದಂತೆ ಸನ್ನೆಗೋಲಿಗೆ ತೂಕ ಕಟ್ಟಿದ ವಾಲ್ವ್ ಇಟ್ಟವನೂ ಆತನೇ.

ಮಾಲೀಕರು: ಚೋಕ್ ಆಗುವುದು ಒಳ್ಳೆಯದೋ ಕೆಟ್ಟದ್ದೋ?

ಎಂಜಿನಿಯರ್: ವಾಲ್ವಿನ ಬಾಯಿಯಲ್ಲಿ ಆದರೆ ಒಳ್ಳೆಯದು, ಲೆಕ್ಕ ಸುಲಭವಾಗುತ್ತದೆ. ಹೊರಗಿನ ಒತ್ತಡ ಎಷ್ಟಿದ್ದರೂ ಆ ಮಿತಿಯ ಕೆಳಗಿದ್ದರೆ ಸಾಕು. ಹರಿವು ಒಳಗಿನ ಒತ್ತಡ ಮತ್ತು ಬಾಯಿಯ ವಿಸ್ತೀರ್ಣ ಎರಡರಿಂದಲೇ ತೀರ್ಮಾನ ಆಗುತ್ತದೆ. ನೇಪಿಯರ್ ಸೂತ್ರ ಅಂತ ಉಂಟು. ಬಾಯಿಯ ವಿಸ್ತೀರ್ಣ ಚದರ ಇಂಚಿನಲ್ಲಿ, ಒತ್ತಡ ಗಾಳಿಯದ್ದೂ ಸೇರಿ ಚದರ ಇಂಚಿಗೆ ಇಷ್ಟು ಪೌಂಡ್ ಅಂತ. ಎರಡನ್ನೂ ಗುಣಿಸಿ 70ರಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಪೌಂಡ್ ಹಬೆ ಅಂತ ಸಿಗುತ್ತದೆ. ನಮ್ಮ ಅಳತೆಗೆ ತಂದರೆ ಹೀಗೆ: ಚದರ ಮಿಲಿಮೀಟರ್ ಗುಣಿಲೆ ಬಾರ್ ಗುಣಿಲೆ 0.525, ಉತ್ತರ ಗಂಟೆಗೆ ಕಿಲೋ ಲೆಕ್ಕದಲ್ಲಿ. ಇದು ನೀರಿನೊಡನೆ ಸಮತೋಲದಲ್ಲಿರುವ ಸಾಧಾರಣ ಹಬೆಗೆ. ಇನ್ನೂ ಕಾಯಿಸಿದ ಹಬೆಯಾದರೆ ಕಡಿಮೆ ಹೋಗುತ್ತದೆ. ಅದಕ್ಕೆ ತಿದ್ದುಪಡಿ ಬೇಕು.

ಮಾಲೀಕರು: ಹಾಗಾದರೆ ನಮ್ಮದಕ್ಕೆ ಹಾಕಿ ನೋಡುವ.

ಎಂಜಿನಿಯರ್: ನಿಯಮದಂತೆ ನಾವು ಎರಡು ವಾಲ್ವ್ ಕೂರಿಸುತ್ತೇವೆ. ಅರ್ಥವಾಗಲಿ ಅಂತ ಈಗ ಒಂದೇ ವಾಲ್ವ್ ಇಡೀ ಭಾರ ಹೊತ್ತಿದೆ ಅಂತ ಹಿಡಿಯುವ. ವಾಲ್ವ್ ಬಿಚ್ಚಿಕೊಳ್ಳುವುದು 10 ಬಾರಿಗೆ. ಪೂರ್ತಿ ಏಳಲು ಇನ್ನು ಶೇಕಡಾ 3 ಸೇರಿಸಿ, 10.3. ಹೊರಗಿನ ಗಾಳಿಯದ್ದು 1 ಸೇರಿ 11.3. ಯಾವ ವಾಲ್ವೂ ಸೂತ್ರ ಹೇಳಿದಷ್ಟು ಹಬೆ ಬಿಡುವುದಿಲ್ಲ. ತಯಾರಕರ ಪರೀಕ್ಷೆಯ ಅಂಕಿಯನ್ನೂ ಮುನ್ನೆಚ್ಚರಿಕೆಯ ಕಡಿತವನ್ನೂ ಸೇರಿಸಿ 0.87 ಅಂತ ಇಟ್ಟುಕೊಳ್ಳುವ. 0.525, 11.3, 0.87 ಗುಣಿಸಿದರೆ 5.16. ಬಾಯಿಯ ಪ್ರತಿ ಚದರ ಮಿಲಿಮೀಟರಿಗೆ ಗಂಟೆಗೆ 5.16 ಕಿಲೋ. 3,000ವನ್ನು ಅದರಿಂದ ಭಾಗಿಸಿದರೆ 581 ಚದರ ಮಿಲಿಮೀಟರ್. ಅಂದರೆ 27 ಮಿಲಿಮೀಟರ್ ಅಡ್ಡಗಲದ ಬಾಯಿ.

ಮಾಲೀಕರು: ಇಷ್ಟೇಯೆ? ಒಂದು ಇಂಚಿಗಿಂತ ಚೂರು ದೊಡ್ಡದು! ಹಾಗಿದ್ದರೆ ನನ್ನ 2 ಇಂಚಿನ ಪೈಪು ಧಾರಾಳ ಆಯಿತಲ್ಲ.

ಎಂಜಿನಿಯರ್: ಎಲ್ಲರೂ ತಪ್ಪುವುದು ಇಲ್ಲಿಯೇ. ಬಾಯಿಯಲ್ಲಿ ಹಬೆ ಒತ್ತಿಕೊಂಡಿರುತ್ತದೆ. ಅದನ್ನು ದಾಟಿದ ಮೇಲೆ ಹಿಗ್ಗುತ್ತದೆ. ಬಾಯ್ಲರಿನ ಒಳಗೆ ಒಂದು ಕಿಲೋ ಹಬೆ ಹಿಡಿಯುವ ಜಾಗ 0.17 ಘನ ಮೀಟರ್. ಹೊರಗಿನ ಒತ್ತಡಕ್ಕೆ ಇಳಿದಾಗ ಅದೇ ಒಂದು ಕಿಲೋಗೆ 2 ಘನ ಮೀಟರಿನಷ್ಟು ಜಾಗ ಬೇಕು. ಹನ್ನೊಂದು ಪಾಲಿಗೂ ಹೆಚ್ಚು! ಹಬೆ ಮುಂದೆ ಹೋದಂತೆ ದಾರಿ ಅಗಲವಾಗುತ್ತಾ ಹೋಗಬೇಕು.

ಇನ್ನೊಂದು ವಿಷಯ. 581ರ ಅಳತೆಗೆ ಸರಿಯಾಗಿ ವಾಲ್ವ್ ಸಿಗುವುದಿಲ್ಲ. ಸಿದ್ಧ ಅಳತೆಗಳಲ್ಲಿ 506 ಉಂಟು, ಅದರ ಮೇಲೆ 830. ಮೊದಲನೆಯದು ಸಾಲದು, 830 ತಗೊಳ್ಳಬೇಕು. ಆ ವಾಲ್ವ್ ಬಿಚ್ಚಿಕೊಂಡರೆ 3,000 ಕಿಲೋ ಬಿಟ್ಟು ಸುಮ್ಮನಾಗುವುದಿಲ್ಲ. ತೆರೆದಿರುವಷ್ಟು ಹೊತ್ತು 830ಕ್ಕೆ ತಕ್ಕಂತೆ, ಗಂಟೆಗೆ 4,280 ಕಿಲೋ ಲೆಕ್ಕದಲ್ಲಿ ಬಿಡುತ್ತದೆ. ಬಾಯ್ಲರಿನ ಒಳಗೆ ಆಗಲೇ ಕೂಡಿರುವ ಹಬೆ ಉಂಟಲ್ಲ. ಹಾಗಾಗಿ ವಾಲ್ವನ್ನು ಆರಿಸುವಾಗ ಬಾಯ್ಲರಿನ ಅಂಕಿ ಹಿಡಿಯಬೇಕು, ಪೈಪು ಆರಿಸುವಾಗ ವಾಲ್ವಿನ ಅಂಕಿ ಹಿಡಿಯಬೇಕು. ಪೈಪಿಗೂ ಬಾಯ್ಲರಿನ ಅಂಕಿಯನ್ನೇ ಹಾಕುವವರು ಬಹಳ ಜನ.

ಮಾಲೀಕರು: ವಾಲ್ವ್ ದೊಡ್ಡದಾದಷ್ಟೂ ಭದ್ರ ಅಂತ ನಾನು ತಿಳಿದಿದ್ದೆ. 830ರ ಬದಲು ಇನ್ನೂ ದೊಡ್ಡದೇ ಹಾಕಿದರೆ?

ಎಂಜಿನಿಯರ್: ಬೇಡ. ಅತಿ ದೊಡ್ಡ ವಾಲ್ವ್ ಒಮ್ಮೆ ಎದ್ದ ಕೂಡಲೇ ಬೇಕಾದ್ದಕ್ಕಿಂತ ಹೆಚ್ಚು ಹಬೆ ಬಿಟ್ಟು ಒತ್ತಡವನ್ನು ಥಟ್ಟನೆ ಇಳಿಸುತ್ತದೆ, ಮುಚ್ಚಿಕೊಳ್ಳುತ್ತದೆ. ಒತ್ತಡ ಏರುತ್ತದೆ, ಮತ್ತೆ ಏಳುತ್ತದೆ. ಹೀಗೆ ಪದೇಪದೇ ಬಡಿದರೆ ವಾಲ್ವ್ ಕೂರುವ ಸೀಟು ಹಾಳಾಗುತ್ತದೆ. ವಾಲ್ವಿಗೆ ಹೋಗುವ ಪೈಪು ಸಣ್ಣದಾದರೆ ಇನ್ನೂ ಕೆಟ್ಟದು. ಆಗ ಸೆಕೆಂಡಿಗೆ ಹಲವು ಸಲ ಬಡಿಯುತ್ತದೆ.

ಮಾಲೀಕರು: ವಾಲ್ವಿಗೆ ಹೋಗುವ ಪೈಪಿಗೂ ಲೆಕ್ಕವೆ? ಅದು ಒಂದು ಗಿಡ್ಡ ತುಂಡು ತಾನೆ.

ಎಂಜಿನಿಯರ್: ಗಿಡ್ಡವಾಗಿದ್ದರೆ ಸರಿ. ನಿಮ್ಮ ನಕ್ಷೆಯಲ್ಲಿ ವಾಲ್ವನ್ನು ಮಾಡಿಗೆ ಹತ್ತಿರ ಇಡುವ ಅಂತ 2 ಇಂಚಿನ ಪೈಪನ್ನು 3 ಮೀಟರ್ ಮೇಲಕ್ಕೆ ಎಳೆದಿದ್ದಾರೆ. ಗಂಟೆಗೆ 4,280 ಕಿಲೋ ಹಬೆ ಆ ಪೈಪಿನಲ್ಲಿ ಸೆಕೆಂಡಿಗೆ 95 ಮೀಟರಿನಂತೆ ಓಡುತ್ತದೆ. ಒಳಗೆ ನುಗ್ಗುವಾಗಿನ ನಷ್ಟ, ಗೋಡೆಗೆ ಉಜ್ಜುವ ನಷ್ಟ ಎರಡೂ ಕೂಡಿ 0.4 ಬಾರ್ ದಾಟುತ್ತದೆ. ರೂಢಿಯ ಮಿತಿ ಬಿಚ್ಚುವ ಒತ್ತಡದ ಶೇಕಡಾ 3, ಅಂದರೆ ನಮಗೆ 0.3. ಅದನ್ನು ದಾಟಿದರೆ ಏನಾಗುತ್ತದೆ ನೋಡಿ. ವಾಲ್ವ್ ಮುಚ್ಚಿರುವಾಗ ಹರಿವು ಇಲ್ಲ, ನಷ್ಟವೂ ಇಲ್ಲ. ವಾಲ್ವಿನ ಬುಡದಲ್ಲಿ ಪೂರ್ತಿ 10 ಬಾರ್ ಉಂಟು, ಏಳುತ್ತದೆ. ಎದ್ದ ಕ್ಷಣ ಹರಿವು ಶುರು, ಬುಡದ ಒತ್ತಡ 0.4 ಕುಸಿಯುತ್ತದೆ. ಒತ್ತಡ ಇಳಿಯಿತು ಅಂತ ವಾಲ್ವ್ ಮುಚ್ಚಿಕೊಳ್ಳಲು ನೋಡುತ್ತದೆ. ಮುಚ್ಚಿದ ಕೂಡಲೇ ಒತ್ತಡ ಮರಳಿ ಬರುತ್ತದೆ. ಬಾಯ್ಲರಿನ ಒತ್ತಡ ಇಳಿದೇ ಇರುವುದಿಲ್ಲ, ವಾಲ್ವ್ ಮಾತ್ರ ತನ್ನನ್ನೇ ಬಡಿದುಕೊಳ್ಳುತ್ತಾ ಇರುತ್ತದೆ.

ಮಾಲೀಕರು: ಬಡಿದುಕೊಂಡರೂ ಹಬೆ ಹೋಗುತ್ತಾ ಇರುತ್ತದಲ್ಲ?

ಎಂಜಿನಿಯರ್: ಹೇಳಿದ ಅಂಕಿಯಷ್ಟು ಹೋಗುವುದಿಲ್ಲ. ಅದಕ್ಕಿಂತ ದೊಡ್ಡ ಅಪಾಯ ಆಮೇಲೆ ಬರುತ್ತದೆ. ಬಡಿದು ಬಡಿದು ಸೀಟಿನ ಮೇಲೆ ಗಾಯವಾಗುತ್ತದೆ. ಮರುದಿನದಿಂದ ವಾಲ್ವ್ ಸಣ್ಣಗೆ ಸೋರುತ್ತದೆ. ಸೋರಿದರೆ ಉಮಿ ದಂಡ ಅಂತ ಯಾರೋ ಸೀಲು ಕಿತ್ತು ಸ್ಪ್ರಿಂಗ್ ಬಿಗಿ ಮಾಡುತ್ತಾರೆ. ಸೋರುವುದು ನಿಲ್ಲುತ್ತದೆ, ಎಲ್ಲರಿಗೂ ಸಮಾಧಾನ. ಆದರೆ 10 ಬಾರಿಗೆ ಏಳಬೇಕಿದ್ದ ವಾಲ್ವ್ ಇನ್ನು 12ಕ್ಕೆ ಏಳುತ್ತದೋ 14ಕ್ಕೆ ಏಳುತ್ತದೋ ದೇವರಿಗೇ ಗೊತ್ತು. ಸ್ಪ್ರಿಂಗ್ ಬಿಗಿ ಮಾಡಿದವನನ್ನು ಆಮೇಲೆ ಬೈಯುತ್ತೇವೆ. ಅವನ ಕೈಗೆ ಸ್ಪ್ಯಾನರ್ ಕೊಟ್ಟದ್ದು ತಪ್ಪು ಅಳತೆಯ ಪೈಪು.

ಮಾಲೀಕರು: ಹಾಗಾದರೆ ಅದಕ್ಕೆ ದಾರಿ?

ಎಂಜಿನಿಯರ್: ವಾಲ್ವನ್ನು ಬಾಯ್ಲರಿನ ಮೈಮೇಲೇ ಕೂರಿಸುವುದು ಎಲ್ಲಕ್ಕಿಂತ ಒಳ್ಳೆಯದು. ಏರಿಸಲೇಬೇಕಾದರೆ 3 ಇಂಚಿನ ಪೈಪು. ಅದೇ 3 ಮೀಟರಿಗೆ ನಷ್ಟ 0.4ರಿಂದ 0.06ರ ಆಸುಪಾಸಿಗೆ ಇಳಿಯುತ್ತದೆ. ಅಡ್ಡಗಲ ಒಂದೂವರೆ ಪಟ್ಟು ಆದರೆ ನಷ್ಟ ಆರರಲ್ಲಿ ಒಂದು ಪಾಲಿಗೆ ಬರುತ್ತದೆ. ಮತ್ತೆ, ಬಾಯ್ಲರಿಗೂ ಸೇಫ್ಟಿ ವಾಲ್ವಿಗೂ ನಡುವೆ ಬೇರೆ ಯಾವ ವಾಲ್ವೂ ಕೂಡದು. ರಿಪೇರಿಗೆ ಅನುಕೂಲ ಅಂತ ಯಾರು ಹೇಳಿದರೂ ಕೂಡದು.

ಮಾಲೀಕರು: ಈಗ ನನ್ನ 2 ಇಂಚಿನ ಪೈಪಿಗೆ ಬನ್ನಿ.

ಎಂಜಿನಿಯರ್: ಬಂದೆ. ವಾಲ್ವಿನ ಹೊರಬಾಯಿಯೇ 3 ಇಂಚಿನದು. ಅದಕ್ಕಿಂತ ಸಣ್ಣ ಪೈಪು ಹಾಕಬಾರದು ಅನ್ನುವುದು ಮೊದಲ ಮಾತು. ಹಾಕಿದಿರಿ ಅಂತಲೇ ಇಟ್ಟುಕೊಳ್ಳುವ. ವಾಲ್ವಿನ ಬಾಯಿಯಲ್ಲಿ ಒಮ್ಮೆ ಚೋಕ್ ಆದ ಹಬೆ ನಿಮ್ಮ ಪೈಪಿನ ತುದಿಯಲ್ಲಿ ಇನ್ನೊಮ್ಮೆ ಚೋಕ್ ಆಗುತ್ತದೆ. 4,280 ಕಿಲೋ ಆ ತುದಿಯಿಂದ ಹೊರಬೀಳಬೇಕಾದರೆ ಅಲ್ಲಿಯೇ ಒತ್ತಡ ಸುಮಾರು 2 ಬಾರ್ ಇರಬೇಕು, ಅಂದರೆ ಗೇಜಿನಲ್ಲಿ 1 ಬಾರ್. ತುದಿಯಿಂದ ಹಿಂದೆ ವಾಲ್ವಿನ ತನಕ ಬಂದರೆ ಪೈಪಿನ ಉಜ್ಜುವಿಕೆ ಸೇರಿ ಇನ್ನೂ ಹೆಚ್ಚು. ಸಾಮಾನ್ಯ ಸ್ಪ್ರಿಂಗ್ ವಾಲ್ವಿನ ಬೆನ್ನಿಗೆ ಬಿಚ್ಚುವ ಒತ್ತಡದ ಶೇಕಡಾ 10ಕ್ಕಿಂತ ಹೆಚ್ಚು ಬೀಳಬಾರದು. ನಿಮ್ಮ ಪೈಪಿನ ತುದಿಯೊಂದೇ ಆ ಶೇಕಡಾ 10ನ್ನು ತಿಂದು ಮುಗಿಸಿತು. ಮಿಕ್ಕ ಒತ್ತಡ ಸ್ಪ್ರಿಂಗಿನ ಪಕ್ಷ ಸೇರಿ ವಾಲ್ವನ್ನು ಕೆಳಕ್ಕೆ ಒತ್ತುತ್ತದೆ. ವಾಲ್ವ್ ಪೂರ್ತಿ ಏಳುವುದಿಲ್ಲ.

ಮಾಲೀಕರು: 3 ಇಂಚು ಹಾಕಿದರೆ?

ಎಂಜಿನಿಯರ್: ತುದಿಯಲ್ಲಿ ವೇಗ ಶಬ್ದದ ವೇಗಕ್ಕೆ ಹತ್ತಿರ ಹತ್ತಿರ ಹೋಗುತ್ತದೆ. ಒಂದು ಎಲ್ಬೋ ಹೆಚ್ಚಾದರೂ ಕಷ್ಟ. 4 ಇಂಚಿಗೆ ಸೆಕೆಂಡಿಗೆ 280 ಮೀಟರಿನ ಆಸುಪಾಸು ಬರುತ್ತದೆ. ಗಿಡ್ಡಗೆ, ನೇರವಾಗಿ ಮಾಡಿನ ಮೇಲಕ್ಕೆ ಹೋದರೆ ಸಾಕು. ಎರಡು ವಾಲ್ವಿಗೂ ಬೇರೆ ಬೇರೆ ಪೈಪು. ಎಲ್ಬೋದ ಬಳಿ ಹಬೆ ತಿರುಗುವಾಗ ಪಕ್ಕಕ್ಕೆ ಒದೆಯುತ್ತದೆ, 4 ಇಂಚಿನಲ್ಲಿ 35 ಕಿಲೋ ತೂಕದಷ್ಟು ತಳ್ಳು. ಆ ತಳ್ಳನ್ನು ವಾಲ್ವಿನ ಮೈ ಹೊರಬಾರದು. ಪೈಪಿಗೆ ಗೋಡೆಯಿಂದಲೋ ಕಂಬದಿಂದಲೋ ಆಸರೆ ಕೊಡಬೇಕು. ನಮ್ಮ ಕಡೆಯ ಮಳೆಗೆ ಇನ್ನೊಂದು ಜಾಗ್ರತೆ ಬೇಕು. ಮೇಲೆ ಬಾಯಿ ತೆರೆದ ಪೈಪಿನಲ್ಲಿ ಆಟಿಯ ಮಳೆ ನೀರು ಇಳಿದು ವಾಲ್ವಿನ ಬೆನ್ನ ಮೇಲೆ ನಿಲ್ಲುತ್ತದೆ. ತುಕ್ಕು ಹಿಡಿಯುತ್ತದೆ, ವಾಲ್ವ್ ಎದ್ದಾಗ ಹಬೆಗಿಂತ ಮೊದಲು ಆ ನೀರು ಗುಂಡಿನಂತೆ ಹಾರುತ್ತದೆ. ಕೆಳಗಿನ ಎಲ್ಬೋದಲ್ಲಿ ನೀರು ಇಳಿಯಲು ಸಣ್ಣ ಡ್ರೈನ್, ಅದಕ್ಕೆ ಯಾವ ಕಾಕೂ ಇಲ್ಲದೆ, ಸದಾ ತೆರೆದೇ ಇರಬೇಕು.

ಮಾಲೀಕರು: ಕಲರ್ ಸಾರ್ಟರಿಗೆ ಗಾಳಿ ಕೊಡುವ ಕಂಪ್ರೆಸರ್ ಉಂಟಲ್ಲ, ಅದರ ಟ್ಯಾಂಕಿಗೂ ಇದೇ ಸೂತ್ರ ಹಾಕಬಹುದೆ?

ಎಂಜಿನಿಯರ್: ಮೂಲ ತತ್ವ ಒಂದೇ, ಸೂತ್ರ ಬೇರೆ. ಗಾಳಿ ಚೋಕ್ ಆಗುವ ಪಾಲು 0.528. ಅಲ್ಲಿ ಒತ್ತಡ, ವಿಸ್ತೀರ್ಣದ ಜೊತೆ ಅನಿಲದ ಅಣುತೂಕ ಮತ್ತು ಉಷ್ಣತೆಯೂ ಲೆಕ್ಕಕ್ಕೆ ಬರುತ್ತವೆ, ವರ್ಗಮೂಲದ ಒಳಗೆ. ಭಾರದ, ತಣ್ಣಗಿನ ಅನಿಲ ಕಿಲೋ ಲೆಕ್ಕದಲ್ಲಿ ಹೆಚ್ಚು ಹೋಗುತ್ತದೆ. ಹಗುರದ, ಬಿಸಿ ಅನಿಲ ಕಡಿಮೆ ಹೋಗುತ್ತದೆ. ಅದೇ ಬಾಯಿ, ಅದೇ ಒತ್ತಡ ಇದ್ದರೆ ಹಬೆಗಿಂತ ಗಾಳಿ ಒಂದೂವರೆ ಪಟ್ಟಿಗೂ ಹೆಚ್ಚು ಕಿಲೋ ಹೋದೀತು. ಉಷ್ಣತೆ ಹಾಕುವಾಗ ಎಚ್ಚರ ಬೇಕು. 20 ಡಿಗ್ರಿ ಸೆಲ್ಸಿಯಸ್ ಅಂದರೆ ಸೂತ್ರಕ್ಕೆ 293 ಕೆಲ್ವಿನ್. ಮರೆತು 20 ಅಂತಲೇ ಹಾಕಿದರೆ ಕಾಗದದ ಮೇಲೆ ಹರಿವು ನಾಲ್ಕು ಪಟ್ಟಿನ ಹತ್ತಿರ ಬರುತ್ತದೆ, ಬಾಯಿ ಬೇಕಾದ್ದರ ಕಾಲು ಪಾಲು ಆಗುತ್ತದೆ. ವಾಲ್ವ್ ಹೊಳೆಯುತ್ತಾ ಕೂತಿರುತ್ತದೆ, ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ.

ಮಾಲೀಕರು: ಇಷ್ಟೆಲ್ಲ ನೋಡಲು ಇಲಾಖೆ ಇದೆಯಲ್ಲ ಸರ್. ಇನ್‌ಸ್ಪೆಕ್ಟರ್ ಬರುತ್ತಾರೆ, ಸರ್ಟಿಫಿಕೇಟ್ ಕೊಡುತ್ತಾರೆ.

ಎಂಜಿನಿಯರ್: ಇದೆ, ಇರಬೇಕು ಕೂಡ. ಈ ಕಾನೂನುಗಳು ಜೀವ ಹೋದ ಮೇಲೆ ಬಂದವು. 1863ರಲ್ಲಿ ಕಲ್ಕತ್ತದಲ್ಲಿ ಬಾಯ್ಲರ್ ಸಿಡಿದು ಜನ ಸತ್ತರು. ಮರುವರ್ಷ ಬಂಗಾಳದಲ್ಲಿ ಬಾಯ್ಲರ್ ತಪಾಸಣೆಯ ಕಾನೂನು ಬಂತು. 1923ರಲ್ಲಿ ಇಡೀ ದೇಶಕ್ಕೆ ಒಂದು ಕಾಯ್ದೆ, 1950ರಲ್ಲಿ ವಿವರವಾದ ನಿಯಮಾವಳಿ, 2025ರಲ್ಲಿ ಹಳೇ ಕಾಯ್ದೆಯ ಜಾಗಕ್ಕೆ ಹೊಸದು. ಅಮೆರಿಕದ ಬ್ರಾಕ್ಟನ್ ಊರಿನ ಶೂ ಕಾರ್ಖಾನೆಯಲ್ಲಿ 1905ರ ಮಾರ್ಚಿನಲ್ಲಿ ಬಾಯ್ಲರ್ ಸಿಡಿದು 58 ಮಂದಿ ಸತ್ತರು; ಎರಡೇ ವರ್ಷದಲ್ಲಿ ಆ ಊರಿರುವ ರಾಜ್ಯ ಬಾಯ್ಲರ್ ಕಾನೂನು ಮಾಡಿತು. ಆದರೆ ಇನ್‌ಸ್ಪೆಕ್ಟರ್ ಹೋದ ಮಾರನೆಯ ದಿನ ಯಾರೋ ಪೈಪು ಬದಲಿಸಿದರೆ ಕಾನೂನು ಬಂದು ಕೈ ಹಿಡಿಯುವುದಿಲ್ಲ.

ಮಾಲೀಕರು: ಪೈಪಿನ ವಿಷಯದಲ್ಲಿ ಅಷ್ಟು ದೊಡ್ಡ ಅನಾಹುತ ಆದದ್ದುಂಟೆ?

ಎಂಜಿನಿಯರ್: ಭೋಪಾಲ್ ನೆನಪು ಮಾಡಿಕೊಳ್ಳಿ. 1984ರ ಡಿಸೆಂಬರ್ 2ರ ರಾತ್ರಿ ಅಲ್ಲಿನ ಕೀಟನಾಶಕ ಕಾರ್ಖಾನೆಯ ಟ್ಯಾಂಕಿಗೆ ನೀರು ಸೇರಿ, ಅದರಲ್ಲಿದ್ದ ಮೀಥೈಲ್ ಐಸೋಸಯನೇಟ್ ಎಂಬ ವಿಷ ಕಾದು ಕುದಿದು ಒತ್ತಡ ಏರಿತು. ಸೇಫ್ಟಿ ವಾಲ್ವ್ ಬಿಚ್ಚಿಕೊಂಡಿತು. ಟ್ಯಾಂಕು ಸಿಡಿಯಲಿಲ್ಲ. ವಾಲ್ವನ್ನು ಮಾತ್ರ ನೋಡಿದರೆ ಅದು ತನ್ನ ಕೆಲಸ ಮಾಡಿತು. ಆದರೆ ವಾಲ್ವಿನ ಆಚೆಯ ದಾರಿ? ವಿಷವನ್ನು ತೊಳೆಯಬೇಕಿದ್ದ ಸ್ಕ್ರಬ್ಬರ್ ಅಷ್ಟು ಹರಿವಿಗೆ ಕಟ್ಟಿದ್ದಲ್ಲ. ಸುಟ್ಟು ಹಾಕಬೇಕಿದ್ದ ಫ್ಲೇರ್ ಗೋಪುರಕ್ಕೆ ಹೋಗುವ ಪೈಪಿನ ಒಂದು ತುಂಡನ್ನು ರಿಪೇರಿಗೆ ಅಂತ ಬಿಚ್ಚಿಟ್ಟಿದ್ದರು. ಅನಿಲ ನೇರ ಮಲಗಿದ್ದ ಊರಿನ ಮೇಲೆ ಹೋಯಿತು. ವಾಲ್ವ್ ಬಿಚ್ಚಿಕೊಂಡರೆ ಸಾಲದು. ಬಿಚ್ಚಿಕೊಂಡಾಗ ಹೊರಬೀಳುವ ಅಷ್ಟನ್ನೂ ಅಪಾಯವಿಲ್ಲದ ಜಾಗದವರೆಗೆ ಒಯ್ಯುವ ದಾರಿ ಇರಬೇಕು. ನಿಮ್ಮದು ಬರೀ ಹಬೆ, ಆಕಾಶಕ್ಕೆ ಬಿಟ್ಟರೆ ಯಾರಿಗೂ ತೊಂದರೆ ಇಲ್ಲ. ಆ ಪುಣ್ಯವನ್ನು 2 ಇಂಚಿನ ಪೈಪು ಹಾಕಿ ಕಳೆದುಕೊಳ್ಳಬೇಡಿ.

ಮಾಲೀಕರು: ಆಯಿತು ಸರ್. 4 ಇಂಚೇ ಇರಲಿ, ವಾಲ್ವ್ ಬಾಯ್ಲರಿನ ಮೈಮೇಲೇ ಇರಲಿ. ಫ್ಯಾಬ್ರಿಕೇಟರಿಗೆ ಇವತ್ತೇ ಹೇಳುತ್ತೇನೆ. ಆದರೆ ಒಂದು ಪ್ರಶ್ನೆ. ನೀವು ಇವತ್ತು ಹೇಳಿದಿರಿ, ನನಗೆ ಅರ್ಥವಾಯಿತು. ಹತ್ತು ವರ್ಷ ಬಿಟ್ಟು ಮಗ ಮಿಲ್ಲು ನೋಡಿಕೊಳ್ಳುವಾಗ, ಒಂದು ಪೈಪು ತೂತು ಬಿದ್ದು ಬದಲಿಸಬೇಕಾದರೆ ಅವನಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು?

ಎಂಜಿನಿಯರ್: ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಕೊಡುತ್ತೇನೆ. ಬಾಯ್ಲರ್ ಎಷ್ಟು ಹಬೆ ಕೊಡುತ್ತದೆ, ವಾಲ್ವಿನ ಬಾಯಿ ಎಷ್ಟು, ಅದು ಎಷ್ಟು ಬಿಡುತ್ತದೆ, ಒಳಪೈಪಿನ ನಷ್ಟ ಎಷ್ಟು, ಹೊರಪೈಪಿನ ಅಳತೆ ಯಾಕೆ ಇಷ್ಟು. ಲ್ಯಾಮಿನೇಟ್ ಮಾಡಿಸಿ ಬಾಯ್ಲರ್ ಮನೆಯಲ್ಲಿ, ಅಟೆಂಡೆಂಟ್ ಗೇಜ್ ನೋಡುವ ಕಡೆ ತೂಗಿ ಹಾಕಿ. ಬಾಯ್ಲರನ್ನೋ ವಾಲ್ವನ್ನೋ ಪೈಪನ್ನೋ ಯಾರು ಬದಲಿಸುವುದಿದ್ದರೂ ಮೊದಲು ಆ ಹಾಳೆಯ ಲೆಕ್ಕವನ್ನು ಹೊಸದಾಗಿ ಹಾಕಿ ಸಹಿ ಮಾಡಲಿ, ಆಮೇಲೆ ವೆಲ್ಡಿಂಗ್ ಮೆಷಿನ್ ಒಳಗೆ ಬರಲಿ. ಅಟೆಂಡೆಂಟಿಗೂ ಕೂರಿಸಿ ಓದಿ ಹೇಳಿ. ವಾಲ್ವ್ ಸೋರಿದರೆ ಸ್ಪ್ರಿಂಗ್ ಮುಟ್ಟದೆ ನಿಮಗೆ ಫೋನ್ ಮಾಡಬೇಕು ಅಂತ, ಹಾಗೆ ಫೋನ್ ಮಾಡಿದರೆ ನೀವು ಬೈಯುವುದಿಲ್ಲ ಅಂತ ಅವನಿಗೆ ಗೊತ್ತಿರಬೇಕು. ರಾತ್ರಿ ಪಾಳಿಯಲ್ಲಿ ಆ ಬಾಯ್ಲರಿನ ಪಕ್ಕ ನಿಲ್ಲುವವನು ಅವನು. ಈ ಲೆಕ್ಕ ಎಲ್ಲರಿಗಿಂತ ಮೊದಲು ಸೇರಬೇಕಾದದ್ದು ಅವನಿಗೆ.